ಮೂರು ವರ್ಷ ಬಳಸಿದ ಮೇಲೆ: ನಮ್ಮ ಹಾಲಿನ ಡ್ಯಾಶ್‌ಬೋರ್ಡ್

ಇದು ಮಾರುಕಟ್ಟೆಯಲ್ಲಿ ಸಿಗುವ ಸಾಫ್ಟ್‌ವೇರ್ ಅಲ್ಲ. ಹಳ್ಳಿ ಡೈರಿಗಳ ಲೆಕ್ಕ ನೋಡಲು ನಮಗೆಂದೇ ಮಾಡಿಸಿದ ಡ್ಯಾಶ್‌ಬೋರ್ಡ್. ಬೆಳಗ್ಗೆ, ಸಂಜೆ ಎರಡು ಹೊತ್ತಿನ ಹಾಲು, ಅದರ ಫ್ಯಾಟ್, ಎಸ್‌ಎನ್‌ಎಫ್ (ನೀರು, ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನ ಅಂಶ) ಎಲ್ಲ ಅದರಲ್ಲಿ ಬರುತ್ತದೆ. ಮೂರು ವರ್ಷದಿಂದ ದಿನಾ ತೆರೆಯುತ್ತಿದ್ದೇನೆ. ಇಂಥದ್ದನ್ನು ಮಾಡಿಸಲು ಹೊರಟವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಮೊದಲ ಪುಟ. ಇಡೀ ತಾಲೂಕಿನ ಹಾಲು ಒಂದೇ ಗೆರೆಯಲ್ಲಿ ಕಾಣುತ್ತದೆ. ಗೆರೆ ಕುಸಿದ ಕಡೆ ಒತ್ತಿದರೆ ಯಾವ ಡೈರಿ ಅಂತ ಗೊತ್ತಾಗುತ್ತದೆ, ಇನ್ನೊಮ್ಮೆ ಒತ್ತಿದರೆ ಯಾವ ಹೊತ್ತು ಅಂತ. ಮೊದಲು ಇಡೀ ನೋಟ, ಆಮೇಲೆ ಬೇಕಾದಷ್ಟು ಭಾಗ, ಕೇಳಿದಾಗ ಮಾತ್ರ ವಿವರ ಎಂದು ಕಂಪ್ಯೂಟರ್ ವಿಜ್ಞಾನಿ ಬೆನ್ ಶ್ನೈಡರ್‌ಮನ್ 1996ರಲ್ಲೇ ಬರೆದಿದ್ದರು. ಆ ಕ್ರಮ ಇಲ್ಲಿ ಚೆನ್ನಾಗಿ ಕೂತಿದೆ.

ಎಸ್‌ಎನ್‌ಎಫ್ ಚಾರ್ಟ್ ಮಾತ್ರ ಎರಡು ವರ್ಷ ನಮ್ಮನ್ನು ಕಾಡಿತು. ಒಮ್ಮೆ ಒಂದು ಡೈರಿಯ ಕಾರ್ಯದರ್ಶಿ ಮೊಬೈಲನ್ನು ನನ್ನ ಮುಂದೆ ಹಿಡಿದು, "ಸಾರ್, ಪಕ್ಕದೂರಿನವರದು ನಮ್ಮ ಎರಡರಷ್ಟಿದೆಯಲ್ಲಾ?" ಅಂದರು. ಇವರದು 8.3, ಪಕ್ಕದೂರಿನದು 8.4, ಅಷ್ಟೇ. ಬಾರ್‌ಗಳು 8.2ರಿಂದ ಶುರುವಾಗಿದ್ದವು. ಹಾಗಾಗಿ ಒಂದು ಇನ್ನೊಂದರ ಎರಡರಷ್ಟು ಎತ್ತರ ನಿಂತಿತ್ತು. ಅಂಕಿ ಮೇಲೇ ಇತ್ತು, ಆದರೆ ಕಣ್ಣು ಮೊದಲು ನೋಡುವುದು ಎತ್ತರವನ್ನು, ಅಲ್ವಾ? ನೀರು ಬೆರೆತರೆ ಎಸ್‌ಎನ್‌ಎಫ್ ಇಳಿಯುತ್ತದೆ ಅಂತ ಊರಲ್ಲಿ ಎಲ್ಲರಿಗೂ ಗೊತ್ತು. ಆ ಚಾರ್ಟ್ ನೋಡಿ ಹಾಲು ಹಾಕುವವರ ಮೇಲೆ ಸಂಶಯದ ಮಾತು ಎದ್ದಿತ್ತು. ತಪ್ಪೇ ಮಾಡದವರು ತಲೆ ತಗ್ಗಿಸಬೇಕಾಯಿತು. ನನಗೆ ಇವತ್ತಿಗೂ ಬೇಸರವಿದೆ.

ಬಾರ್ ಹಾಕಿದರೆ ಸೊನ್ನೆಯಿಂದಲೇ ಶುರು ಮಾಡಿಸಿ. ಸಣ್ಣ ವ್ಯತ್ಯಾಸ ತೋರಿಸಲೇಬೇಕಿದ್ದರೆ ಚುಕ್ಕಿ ಇಡಿಸಿ, ಹಿಂದಿನ ತಿಂಗಳ ಏರಿಳಿತವನ್ನು ಅದರ ಹಿಂದೆ ತೆಳು ಪಟ್ಟಿಯಾಗಿ ತೋರಿಸಿ. ನಮ್ಮಲ್ಲಿ ಈಗ ಹಾಗೇ ಇದೆ. ಚುಕ್ಕಿ ಪಟ್ಟಿಯೊಳಗಿದ್ದರೆ ಯಾರೂ ಗಾಬರಿಯಾಗುವುದಿಲ್ಲ.

ಶುರುವಿನಲ್ಲಿ ಪರೀಕ್ಷೆ ಮಾಡಿರಲಿಲ್ಲ ಅಂತಲ್ಲ. ಬಳಸಲು ಎಷ್ಟು ಸುಲಭ ಅಂತ ಅಳೆಯಲು ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಎಸ್‌ಯುಎಸ್‌ ಎಂಬ ಫಾರಂನ 10 ಪ್ರಶ್ನೆಗಳನ್ನು ಆಫೀಸಿನಲ್ಲಿ ತುಂಬಿಸಿದ್ದರು. ಅದರಲ್ಲಿ 100ಕ್ಕೆ 68 ಬಂದರೆ ಸರಾಸರಿ ಅನ್ನುತ್ತಾರೆ. ನಮ್ಮದು ಅದಕ್ಕಿಂತ ಮೇಲೇ ಬಂತು. ಆದರೆ ತುಂಬಿದವರೆಲ್ಲ ದೊಡ್ಡ ಪರದೆ ಮುಂದೆ ಕೂರುವವರು. ಡೈರಿಯಲ್ಲಿ ನಿಂತು ನೋಡುವವರನ್ನು ಯಾರೂ ಕೇಳಲಿಲ್ಲ.

ಆಮೇಲೆ ನಾನೇ ಒಂದು ಸಂಜೆ, ಹಾಲು ಅಳೆದು ಮುಗಿದ ಮೇಲೆ, ಒಬ್ಬ ಕಾರ್ಯದರ್ಶಿ ಪಕ್ಕ ಕೂತೆ. "ಕಳೆದ ವಾರ ನಿಮ್ಮಲ್ಲಿ ಯಾವ ದಿನ ಫ್ಯಾಟ್ ಕಡಿಮೆಯಿತ್ತು, ಹುಡುಕಿ" ಅಂದು ಸುಮ್ನಾದೆ. ಅವರು ಒಂದೊಂದೇ ಚೌಕದ ಮೇಲೆ ಹೆಬ್ಬೆರಳಿಟ್ಟು ಅಂಕಿ ಓದತೊಡಗಿದರು. ಫ್ಯಾಟ್ ಕಡಿಮೆಯಿದ್ದ ದಿನದ ಕೆಂಪು ಚೌಕ ಎದುರಿಗೇ ಇತ್ತು. ಅವರಿಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತಿತ್ತು. ಎರಡು ವರ್ಷದಿಂದ ಹಾಗೇ ಓದುತ್ತಿದ್ದರಂತೆ, ಯಾರಿಗೂ ಹೇಳಿರಲಿಲ್ಲ. ಈಗ ನೀಲಿ, ಕಿತ್ತಳೆ ಬಣ್ಣ ಬಂದಿವೆ, ಜೊತೆಗೆ ಕೆಳಮುಖದ ಬಾಣದ ಗುರುತೂ ಇದೆ. ಆ ಹತ್ತು ನಿಮಿಷದಲ್ಲಿ ತಿಳಿದದ್ದು ಯಾವ ಫಾರಂನಲ್ಲೂ ಬಂದಿರಲಿಲ್ಲ.

ಒಂದು ತೊಂದರೆ ಇನ್ನೂ ಉಳಿದಿದೆ. ಚಾರ್ಟನ್ನು ಪಿಡಿಎಫ್ ಮಾಡಿದರೆ ಒತ್ತಕ್ಷರ ಒಡೆಯುತ್ತದೆ. "ಕಲ್ಲಹಳ್ಳಿ" ಹೋಗಿ "ಕಲ್‌ಲಹಳ್‌ಳಿ" ಆಗುತ್ತದೆ. ಅದನ್ನೇ ಪ್ರಿಂಟ್ ತೆಗೆದು ಡೈರಿ ಗೋಡೆಗೆ ಅಂಟಿಸುತ್ತಾರೆ. ಅಂಟಿಸುವ ಮೊದಲು ಕಾರ್ಯದರ್ಶಿ ಪೆನ್ನು ತೆಗೆದು ಊರಿನ ಹೆಸರನ್ನು ತಿದ್ದುತ್ತಾರೆ. ಅದು ಸರಿಹೋಗುವವರೆಗೆ ನನ್ನ ಲೆಕ್ಕದಲ್ಲಿ 5ಕ್ಕೆ 3.5.