ಟಿಕೆಟ್ ಟು ರೈಡ್‌ನ ಭಾರತ ನಕ್ಷೆ: ಮಂಡಲಕ್ಕೆ ಫುಲ್ ಮಾರ್ಕ್ಸ್

ಅಲನ್ ಆರ್. ಮೂನ್ ಅವರ ಟಿಕೆಟ್ ಟು ರೈಡ್ 2004ರ ಬೋರ್ಡ್ ಗೇಮ್. ಒಂದೇ ಬಣ್ಣದ ಕಾರ್ಡು ಕೂಡಿಸಿ ಊರಿಂದ ಊರಿಗೆ ರೈಲು ಹಾಕುವುದು, ಅಷ್ಟೇ. ನಮ್ಮಮ್ಮ ಕಾಫಿ ಮುಗಿಯುವುದರೊಳಗೆ ಕಲಿತುಬಿಟ್ಟರು.

2011ರಲ್ಲಿ ಇದಕ್ಕೆ ಭಾರತದ ನಕ್ಷೆ ಬಂತು. ಹಲಗೆಯ ಇನ್ನೊಂದು ಮಗ್ಗುಲಲ್ಲಿ ಸ್ವಿಟ್ಜರ್ಲೆಂಡ್. ನನಗೆ ಜಾಸ್ತಿ ಹಿಡಿಸಿದ್ದು ಮಂಡಲದ ಬೋನಸ್. ಟಿಕೆಟ್ ಅಂದರೆ ಯಾವ ಎರಡು ಊರು ಜೋಡಿಸಬೇಕು ಎಂದು ಹೇಳುವ ಕಾರ್ಡು. ಒಂದು ಟಿಕೆಟ್ಟಿನ ಎರಡು ಊರನ್ನು ಬೇರೆ ಬೇರೆ ಎರಡು ದಾರಿಯಲ್ಲಿ ಜೋಡಿಸಿದರೆ ಹೆಚ್ಚುವರಿ ಪಾಯಿಂಟು. ಹಾಗಾಗಿ ಹತ್ತಿರದ ದಾರಿ ಹಿಡಿಯುವವರು ಜಾಣರೇನಲ್ಲ, ಸುತ್ತುಬಳಸಿ ಹೋಗುವವರೇ ಗೆಲ್ಲಬಹುದು. ಆದರೆ ಕೈಲಿರುವುದು ಬರೀ 45 ಬೋಗಿ. ಆಸೆಪಟ್ಟು ಸುತ್ತು ಹಾಕಲು ಹೋದರೆ ಟಿಕೆಟ್ಟೇ ಮುಗಿಯದೆ ಮೈನಸ್ಸಿಗೆ ಬೀಳುತ್ತೀರಿ. ನಮ್ಮನೆ ಜಗಳವೆಲ್ಲ ಇಲ್ಲೇ!

ಬೇಜಾರಿನ ಸಂಗತಿ: ನಾಲ್ಕು ಜನಕ್ಕೇ ಸೀಮಿತ. ಬೋಗಿ, ಕಾರ್ಡುಗಳಿಗೆ ಮೂಲ ಆಟವೂ ಬೇಕು, ಅಂದರೆ ಜೇಬಿಗೆ ಎರಡು ಸಲ ಕತ್ತರಿ. ಮೂಲ ಆಟ ಇದ್ದರೆ ಸುಮ್ನೆ ತಗೊಳ್ಳಿ. ಇಲ್ಲದಿದ್ದರೆ ಬೋರ್ಡ್ ಗೇಮ್ ಕೆಫೆಯಲ್ಲಿ ಮೊದಲು ಆಡಿ ನೋಡಿ. ಸ್ವಿಟ್ಜರ್ಲೆಂಡ್ ಬದಿ ಇಬ್ಬರೇ ಇರುವ ಸಂಜೆಗೆ ಚೆನ್ನ.