ರಾತ್ರಿ ಮಲಗುವಾಗ ಯಾವ ಬ್ರೇಸ್? ಎಎಫ್‌ಒ, ಮೆತ್ತನೆಯ ಸ್ಪ್ಲಿಂಟ್, ಗೇಟರ್, ಪ್ಲಾಸ್ಟರ್: ನಾವು ಹಾಕಿ ನೋಡಿದ್ದು

ಸೆರೆಬ್ರಲ್ ಪಾಲ್ಸಿ (ಸಿಪಿ; ಮಿದುಳಿಗೆ ಆದ ಪೆಟ್ಟಿನಿಂದ ಸ್ನಾಯು ಬಿಗಿಯಾಗುವ ತೊಂದರೆ) ಇರುವ ಮಗುವಿಗೆ ರಾತ್ರಿ ಹಾಕಲು ಬ್ರೇಸ್ ಮಾಡಿಸಬೇಕೆಂದಿರುವವರು ಅಳತೆ ಕೊಡುವ ಮೊದಲು ಫಿಸಿಯೋ ಹತ್ತಿರ ಒಂದು ಪರೀಕ್ಷೆ ಮಾಡಿಸಿಕೊಳ್ಳಿ. ಮಗುವನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಚಿ, ಪಾದವನ್ನು ಮೇಲಕ್ಕೆ ಒತ್ತಿ ಕೋನ ಅಳೆಯುತ್ತಾರೆ. ಆಮೇಲೆ ಮೊಣಕಾಲು ನೇರ ಮಾಡಿ ಮತ್ತೊಮ್ಮೆ ಅಳೆಯುತ್ತಾರೆ. ನನ್ನ ಮಗಳಿಗೆ ಮೊಣಕಾಲು ಮಡಚಿದಾಗ ಪಾದ ಸಲೀಸಾಗಿ ಮೇಲೆ ಬರುತ್ತದೆ. ಕಾಲು ನೇರ ಮಾಡಿದ ಕೂಡಲೇ ಲಂಬಕೋನಕ್ಕೂ ಬಾರದೆ ನಿಂತುಬಿಡುತ್ತದೆ. ಯಾವ ಬ್ರೇಸ್ ಅವಳಿಗೆ ಉಪಯೋಗ, ಯಾವುದು ಬರೀ ಹೊರೆ ಎಂಬುದು ಈ ಒಂದು ವ್ಯತ್ಯಾಸದಲ್ಲಿಯೇ ಇತ್ತು.

ಮೀನಖಂಡದಲ್ಲಿ ಎರಡು ದೊಡ್ಡ ಸ್ನಾಯುಗಳಿವೆ. ಒಳಗಿನ ಸೋಲಿಯಸ್ ಮೊಣಕಾಲಿನ ಕೆಳಗೆ ಶುರುವಾಗಿ ಹಿಮ್ಮಡಿಗೆ ಸೇರುತ್ತದೆ. ಹೊರಗಿನ ಗ್ಯಾಸ್ಟ್ರೊಕ್ನೀಮಿಯಸ್ ತೊಡೆಮೂಳೆಯಿಂದಲೇ ಹೊರಟು ಮೊಣಕಾಲನ್ನು ದಾಟಿ ಬರುತ್ತದೆ. ಮೊಣಕಾಲು ಮಡಚಿಕೊಂಡಿರುವಷ್ಟು ಹೊತ್ತು ಈ ಹೊರಗಿನ ಸ್ನಾಯು ಸಡಿಲವಾಗಿಯೇ ಇರುತ್ತದೆ. ಪಾದವನ್ನು ಎಷ್ಟು ಎತ್ತಿ ಕಟ್ಟಿದರೂ ಅದಕ್ಕೆ ಪೂರ್ತಿ ಎಳೆತ ಸಿಗುವುದಿಲ್ಲ. ಮಗಳಿಗೆ ಬಿಗಿಯಾಗಿರುವುದು ಮುಖ್ಯವಾಗಿ ಅದೇ.

ರಾತ್ರಿಯೇ ಏಕೆ ಎಂದು ಅತ್ತೆಯವರು ಕೇಳುತ್ತಿದ್ದರು. ಸಿಪಿಯಲ್ಲಿ ಮಿದುಳಿಗೆ ಆದ ಪೆಟ್ಟು ಹೆಚ್ಚಾಗುತ್ತಾ ಹೋಗುವುದಿಲ್ಲ. ಆದರೆ ಮಗುವಿನ ಮೂಳೆ ಬೆಳೆಯುತ್ತದೆ, ಬಿಗಿಯಾದ ಸ್ನಾಯು ಅದರ ಜೊತೆಗೆ ಅಷ್ಟೇ ಉದ್ದವಾಗುವುದಿಲ್ಲ. ದಿನಕ್ಕೆ ಎಷ್ಟು ಹೊತ್ತು ಎಳೆದು ಹಿಡಿದರೆ ಸ್ನಾಯು ಕುಗ್ಗದೆ ಉಳಿಯುತ್ತದೆ ಎಂದು ಫ್ರಾನ್ಸ್‌ನ ತಾರ್ದ್ಯೂ ಮತ್ತು ಸಂಗಡಿಗರು 1988ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಎರಡು ಗಂಟೆ ಸಾಲದು, ಸುಮಾರು ಆರು ಗಂಟೆ ಬೇಕು ಎಂಬುದು ಅದರ ಸಾರ. ಆರು ಗಂಟೆ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ನಿದ್ದೆಯ ಹೊತ್ತು. ಆದರೆ ಅದು ಸೋಲಿಯಸ್ ಬಗ್ಗೆ ನಡೆದ ಚಿಕ್ಕ ಅಧ್ಯಯನ. ಆರು ಗಂಟೆ ರಾತ್ರಿಯೇ ಆಗಬೇಕೆಂದೂ ಅದು ಹೇಳುವುದಿಲ್ಲ. ಮಗಳು ಶಾಲೆಯಲ್ಲಿ ಇಡೀ ದಿನ ಎಎಫ್‌ಒ (ಪಾದ ಮತ್ತು ಹರಡನ್ನು ಹಿಡಿದಿಡುವ, ಮೊಣಕಾಲಿನ ಕೆಳಗಿನವರೆಗೆ ಬರುವ ಬ್ರೇಸ್) ಹಾಕಿಕೊಂಡು ವಾಕರ್ ಹಿಡಿದು ನಡೆಯುತ್ತಾಳೆ, ನಿಲ್ಲುತ್ತಾಳೆ. ಸೋಲಿಯಸ್‌ನ ಲೆಕ್ಕ ಹಗಲಿನಲ್ಲಿಯೇ ಬಹುಪಾಲು ಮುಗಿದಿರುತ್ತದೆ. ರಾತ್ರಿಗೆ ಉಳಿಯುವುದು ಹೊರಗಿನ ಸ್ನಾಯುವಿನ ಕೆಲಸ.

ಮೊದಲು ಹಾಕಿ ನೋಡಿದ್ದು ಹಗಲಿನ ಎಎಫ್‌ಒವನ್ನೇ. ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಕಾಲಿನ ಅಚ್ಚು ಕೊಟ್ಟು ಮಾಡಿಸಿದ ಪಾಲಿಪ್ರೊಪಿಲೀನ್ ಬ್ರೇಸ್ ಅದು. ಹಣ ಕೊಟ್ಟಾಗಿದೆ, ಮಗುವಿಗೆ ರೂಢಿಯಾಗಿದೆ, ಹಿಮ್ಮಡಿಯನ್ನು ಸರಿಯಾಗಿ ಹಿಡಿಯುತ್ತದೆ. ಇವು ದೊಡ್ಡ ಗುಣಗಳೇ. ಆದರೆ ಮಗಳು ಮಗ್ಗುಲಾಗಿ, ಎರಡೂ ಮೊಣಕಾಲು ಎದೆಯ ಕಡೆ ಮಡಚಿಕೊಂಡು ಮಲಗುವವಳು. ಪಾದ ಲಂಬಕೋನದಲ್ಲಿ ಕಟ್ಟಿದಂತೆಯೇ ಇರುತ್ತಿತ್ತು, ಮೊಣಕಾಲು ಮಡಚಿರುತ್ತಿತ್ತು. ಬೆಳಗ್ಗೆ ಬಿಚ್ಚಿ ಫಿಸಿಯೋ ಕಲಿಸಿಕೊಟ್ಟ ಹಾಗೆ ಕಾಲು ನೇರ ಮಾಡಿ ಒತ್ತಿದರೆ ಬಿಗಿ ಹಿಂದಿನ ದಿನದಷ್ಟೇ. ಬೇಸಿಗೆಯಲ್ಲಿ ಇನ್ನೊಂದು ಕಷ್ಟ. ಏಪ್ರಿಲ್‌ನ ಗದಗಿನ ರಾತ್ರಿಯಲ್ಲಿ ಫ್ಯಾನ್ ಕೆಳಗೆ ಮಲಗಿದ್ದರೂ ಪ್ಲಾಸ್ಟಿಕ್ ಒಳಗೆ ಹತ್ತಿಯ ಕಾಲುಚೀಲ ಒದ್ದೆಯಾಗುತ್ತದೆ. ಹಗಲೂ ರಾತ್ರಿಯೂ ಒಂದೇ ಬ್ರೇಸ್ ಎಂದರೆ ಚರ್ಮಕ್ಕೆ ಬಿಡುವೇ ಇಲ್ಲ.

ಚರ್ಮದ ವಿಷಯವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಯಾವ ಬ್ರೇಸ್ ಆದರೂ ಇದು ತಪ್ಪುವುದಿಲ್ಲ. ಬಿಚ್ಚಿದ ತಕ್ಷಣ ಹಿಮ್ಮಡಿಯ ಹಿಂಭಾಗ, ಒಳಹರಡಿನ ಗಂಟು ಮತ್ತು ಅದರ ಮುಂದೆ ಪಾದದ ಒಳಅಂಚಿನಲ್ಲಿ ಉಬ್ಬಿರುವ ಮೂಳೆ, ಈ ಮೂರು ಜಾಗ ನೋಡಬೇಕು. ತಿಳಿಗೆಂಪು ಇದ್ದು ಇಪ್ಪತ್ತು ಮೂವತ್ತು ನಿಮಿಷದಲ್ಲಿ ಮಾಯವಾದರೆ ತೊಂದರೆಯಿಲ್ಲ. ಆಮೇಲೂ ಉಳಿದರೆ ಆ ರಾತ್ರಿ ಮತ್ತೆ ಹಾಕಬಾರದು. ಬ್ರೇಸ್ ಮಾಡಿದವರ ಬಳಿ ಒಯ್ದರೆ ಆ ಜಾಗವನ್ನು ಬಿಸಿ ಮಾಡಿ ಹೊರಕ್ಕೆ ತಳ್ಳಿಕೊಡುತ್ತಾರೆ. ಒಳಗೆ ಹತ್ತಿ ತುರುಕಿದರೆ ಒತ್ತಡ ಇನ್ನೂ ಹೆಚ್ಚುತ್ತದೆ. ಹಾಕುವ ಕ್ರಮವೂ ಮುಖ್ಯ. ಮೊದಲು ಮೊಣಕಾಲು ಮಡಚಬೇಕು, ಹಿಮ್ಮಡಿಯನ್ನು ತಳಕ್ಕೆ ಕೂರಿಸಬೇಕು, ಹರಡಿನ ಪಟ್ಟಿಯನ್ನೇ ಮೊದಲು ಬಿಗಿಯಬೇಕು. ಆಮೇಲೆ ಮೀನಖಂಡದ ಪಟ್ಟಿ, ಕೊನೆಗೆ ಕಾಲು ನೇರ. ಕಾಲು ಚಾಚಿಸಿಕೊಂಡೇ ತುರುಕಿದರೆ ಹಿಮ್ಮಡಿ ಒಂದು ಬೆರಳು ಮೇಲೆಯೇ ನಿಂತು ರಾತ್ರಿಯಿಡೀ ಉಜ್ಜುತ್ತದೆ. ನಮ್ಮ ಬ್ರೇಸ್‌ನ ಹಿಮ್ಮಡಿಯಲ್ಲಿ ಒಂದು ಚಿಕ್ಕ ಕಿಂಡಿ ಮಾಡಿಸಿಕೊಂಡಿದ್ದೇವೆ. ಹಿಮ್ಮಡಿ ಕೂತಿದೆಯೋ ಇಲ್ಲವೋ ಹೊರಗಿನಿಂದಲೇ ಕಾಣುತ್ತದೆ. ಸಂಜೆ ಅಜ್ಜಿ ಎಣ್ಣೆ ತಿಕ್ಕುವ ಪದ್ಧತಿಯನ್ನು ಬೆಳಗಿನ ಸ್ನಾನದ ಮುಂಚೆ ಇಟ್ಟುಕೊಂಡೆವು; ಎಣ್ಣೆ ಹಚ್ಚಿದ ಕಾಲು ಬ್ರೇಸ್ ಒಳಗೆ ಜಾರುತ್ತದೆ.

ಎರಡನೆಯದು ಆನ್‌ಲೈನ್‌ನಲ್ಲಿ ಸಿಗುವ ಮೆತ್ತನೆಯ ರಾತ್ರಿ ಸ್ಪ್ಲಿಂಟ್. ಬೂಟಿನ ಆಕಾರ, ಒಳಗೆ ಫೋಮ್, ಪಕ್ಕದಲ್ಲಿ ಎರಡು ಪಟ್ಟಿ. ಎಳೆದಷ್ಟೂ ಪಾದ ಮೇಲಕ್ಕೆ ಬರುತ್ತದೆ. ಮಗಳು ಇದನ್ನು ತಕರಾರಿಲ್ಲದೆ ಹಾಕಿಕೊಂಡಳು, ಅದೇ ಇದರ ಒಂದೇ ಗುಣ. ಇವು ಹೆಚ್ಚಾಗಿ ಹಿಮ್ಮಡಿ ನೋವಿರುವ ದೊಡ್ಡವರಿಗಾಗಿ ತಯಾರಾದವು. ಪಟ್ಟಿ ಎಳೆಯುವುದು ಪಾದದ ಮುಂಭಾಗವನ್ನು. ಬಿಗಿಯಾದ ಮೀನಖಂಡ ಹಿಮ್ಮಡಿಯನ್ನು ಮೇಲಕ್ಕೆ ಹಿಡಿದೇ ಇರುತ್ತದೆ, ಮುಂಗಾಲು ಮಾತ್ರ ಏಳುತ್ತದೆ, ನಡುವೆ ಪಾದ ಬಾಗುತ್ತದೆ. ಹೊರಗಿನಿಂದ ನೋಡಿದರೆ ಲಂಬಕೋನ ಬಂದಂತೆ ಕಾಣುತ್ತದೆ. ಮಗಳ ಅಂಗಾಲಿನ ನಡುಭಾಗ ಕೆಳಗೆ ಉಬ್ಬಿದ್ದನ್ನು ಫಿಸಿಯೋ ಕೈಯಿಟ್ಟು ತೋರಿಸಿದ ದಿನವೇ ಅದನ್ನು ನಿಲ್ಲಿಸಿದೆವು. ಬೆಳೆಯುವ ಪಾದದ ಕಮಾನು ಮುರಿಯುವುದಕ್ಕಿಂತ ಏನೂ ಹಾಕದೆ ಮಲಗಿಸುವುದೇ ವಾಸಿ. ಬಿಗಿತ ಇರುವ ಮಗುವಿಗೆ ಇದನ್ನು ಕೊಳ್ಳಬೇಡಿ ಎಂದೇ ನನ್ನ ಖಚಿತ ಮಾತು.

ಈಗ ಗೇಟರ್. ಗಟ್ಟಿ ಬಟ್ಟೆಯ ಸುತ್ತುಪಟ್ಟಿ, ಹಿಂದೆ ಪಕ್ಕದಲ್ಲಿ ಚಪ್ಪಟೆ ಲೋಹದ ಪಟ್ಟಿಗಳು, ಮುಂದೆ ವೆಲ್ಕ್ರೋ. ತೊಡೆಯಿಂದ ಮೀನಖಂಡದವರೆಗೆ ಸುತ್ತಿದರೆ ಮೊಣಕಾಲು ನೇರ ನಿಲ್ಲುತ್ತದೆ. ಇದೊಂದೇ ಹಾಕಿದರೆ ತೊಡೆಯ ಹಿಂದಿನ ಸ್ನಾಯುವಿಗೆ ಅನುಕೂಲ. ಎಎಫ್‌ಒ ಜೊತೆ ಹಾಕಿದಾಗ ಮಾತ್ರ ಆ ಹೊರಗಿನ ಸ್ನಾಯುವಿಗೆ ನಿಜವಾದ ಎಳೆತ. ಔಷಧ ಅಂಗಡಿಗಳಲ್ಲಿ ದೊಡ್ಡವರ ಅಳತೆಯವೇ ಹೆಚ್ಚು, ಮಕ್ಕಳದ್ದು ಸಿಗುವುದು ಕಷ್ಟ. ನಮಗೆ ಫಿಸಿಯೋ ಅಳತೆ ಬರೆದುಕೊಟ್ಟರು. ಚೀಲ ಹೊಲಿಯುವ ದರ್ಜಿಯೊಬ್ಬರು ಕ್ಯಾನ್ವಾಸ್‌ನಲ್ಲಿ ಹೊಲಿದುಕೊಟ್ಟರು. ಇಷ್ಟರಲ್ಲಿ ಅತಿ ಕಡಿಮೆ ಖರ್ಚಿನದು ಇದೇ.

ಆದರೆ ಎರಡನ್ನೂ ಕಟ್ಟಿ ಇಡೀ ರಾತ್ರಿ ಮಲಗಿಸುವುದು ನಮ್ಮಿಂದ ಆಗಲಿಲ್ಲ. ತಾನಾಗಿ ಮಗ್ಗುಲು ಬದಲಿಸಲಾಗದೆ ನಡುರಾತ್ರಿ “ಅವ್ವಾ, ಬಿಚ್ಚು” ಎಂದು ಎಬ್ಬಿಸುತ್ತಿದ್ದಳು. ನಿದ್ದೆಗೆಟ್ಟ ಮರುದಿನ ಅವಳ ಕಾಲು ಇನ್ನಷ್ಟು ಬಿಗಿ, ಶಾಲೆಯಲ್ಲಿ ನಡಿಗೆಯೂ ಕಡಿಮೆ. ಆಗ ಹೊತ್ತನ್ನು ಒಡೆದೆವು. ಸಂಜೆ ಓದು ಬರಹ ಮಾಡುವಾಗ ಎರಡೂ ಕಾಲಿಗೆ ಎಎಫ್‌ಒ ಮತ್ತು ಗೇಟರ್ ಹಾಕಿ, ಗೋಡೆಗೆ ಒರಗಿಸಿ, ಕಾಲು ಚಾಚಿಸಿ ಕೂರಿಸುತ್ತೇವೆ. ತೊಡೆಯ ಹಿಂಭಾಗ ಬಿಗಿಯಿರುವ ಮಕ್ಕಳು ಹೀಗೆ ಕೂತರೆ ಸೊಂಟ ಹಿಂದಕ್ಕೆ ಜಾರಿ ಬೆನ್ನು ಗೂನಾಗುತ್ತದೆ. ಅದಕ್ಕೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಇಡುತ್ತೇವೆ. ಕೂರುವ ಜಾಗ ಎತ್ತರವಾದರೆ ಬೆನ್ನು ನೆಟ್ಟಗಾಗುತ್ತದೆ. ಅವಳು ಎಚ್ಚರವಾಗಿರುತ್ತಾಳೆ, ಎಲ್ಲಿ ಒತ್ತುತ್ತದೆ ಎಂದು ಹೇಳುತ್ತಾಳೆ. ಮಲಗುವಾಗ ಒಂದು ಕಾಲಿಗೆ ಮಾತ್ರ ಗೇಟರ್, ಮರುರಾತ್ರಿ ಇನ್ನೊಂದಕ್ಕೆ. ಒಂದು ಕಾಲು ಬಿಡುವಾಗಿದ್ದರೆ ಹೊರಳುವುದು ಸಾಧ್ಯ. ಇಡೀ ರಾತ್ರಿಯ ಎಎಫ್‌ಒಗಿಂತ ಈ ಏರ್ಪಾಟಿನಲ್ಲಿ ಕಾಲು ನೇರ ಮಾಡಿದಾಗಿನ ಕೋನ ಸುಧಾರಿಸಿದೆ. ಅಳೆದವರು ಫಿಸಿಯೋ, ನನ್ನ ಕಣ್ಣಳತೆಯಲ್ಲ. ಚಳಿಗಾಲದಲ್ಲಿ ಭಾರದ ಕೌದಿಯನ್ನು ಪಾದದ ಮೇಲೆ ಬಿಗಿಯಾಗಿ ಹೊದಿಸುವುದನ್ನೂ ಬಿಟ್ಟೆವು. ಅಂಗಾತ ಮಲಗಿದ ಮಗುವಿನ ಬೆರಳುಗಳನ್ನು ಅದರ ಭಾರವೇ ಕೆಳಕ್ಕೆ ಒತ್ತುತ್ತದೆ.

ಬೇಗ ಫಲ ಕೊಡುವುದು ಪ್ಲಾಸ್ಟರ್. ವಾರಕ್ಕೊಮ್ಮೆ ಬಿಚ್ಚಿ, ಪಾದವನ್ನು ಸ್ವಲ್ಪ ಮೇಲಕ್ಕೆ ತಂದು ಮತ್ತೆ ಹಾಕುತ್ತಾರೆ; ಕೆಲವು ವಾರಗಳ ಕೆಲಸ. ಬ್ರೇಸ್‌ನಿಂದ ತಿಂಗಳುಗಟ್ಟಲೆ ಬಾರದ ಕೋನ ಇದರಲ್ಲಿ ಬಂತು. ಬೆಲೆಯೂ ಉಂಟು: ಬಿಚ್ಚಿದಾಗ ಮೀನಖಂಡ ತೆಳುವಾಗಿತ್ತು, ಮೊದಲಿನಂತೆ ನಿಲ್ಲಲು ವ್ಯಾಯಾಮ ಬೇಕಾಯಿತು, ಮಳೆಗಾಲದಲ್ಲಿ ಅದನ್ನು ಒದ್ದೆಯಾಗದಂತೆ ಕಾಯುವುದು ಮನೆಯವರಿಗೆಲ್ಲ ಒಂದು ಕೆಲಸ. ಬಂದ ಕೋನ ಉಳಿಯಬೇಕಾದರೆ ಮತ್ತೆ ಬ್ರೇಸ್ ಬೇಕೇ ಬೇಕು. ಹಾಗಾಗಿ ಪ್ಲಾಸ್ಟರ್ ಬ್ರೇಸ್‌ಗೆ ಬದಲಿಯಲ್ಲ. ಬ್ರೇಸ್ ಕೂರುವುದೇ ಇಲ್ಲ ಎಂಬಷ್ಟು ಕಾಲು ಬಿಗಿಯಾದಾಗ ಮೊದಲು ಹಿಡಿಯಬೇಕಾದ ದಾರಿ.

ತೊಡೆಗಳ ನಡುವೆ ಇಡುವ ದಿಂಬನ್ನೂ ಇಟ್ಟು ನೋಡಿದೆವು. ಕಾಲು ಕತ್ತರಿಯಾಗದೆ ಮಗಳು ಹಾಯಾಗಿ ಮಲಗಿದಳು, ಬಟ್ಟೆ ಬದಲಿಸಲು ಸುಲಭವಾಯಿತು. ಸೊಂಟದ ಕೀಲು ಜಾರುವುದನ್ನು ದಿಂಬು ತಡೆಯುತ್ತದೆ ಎಂದು ನಂಬಿ ಎಕ್ಸ್‌ರೇ ಮಾತ್ರ ಬಿಡಬೇಡಿ. ನೋವು ಬರುವ ಮೊದಲೇ ಕೀಲು ಜಾರಿರಬಹುದು, ಅದು ಗೊತ್ತಾಗುವುದು ಎಕ್ಸ್‌ರೇಯಲ್ಲಿಯೇ.

ರಾತ್ರಿ ಬ್ರೇಸ್ ಬೇಕೇ ಎಂಬುದರ ಬಗ್ಗೆ ವೈದ್ಯರಲ್ಲಿಯೂ ಒಮ್ಮತವಿಲ್ಲ, ಗಟ್ಟಿ ಪುರಾವೆಯೂ ಕಡಿಮೆ. ಅದಕ್ಕೇ ನಾನು ನಿದ್ದೆಯನ್ನು ಬ್ರೇಸ್‌ನಷ್ಟೇ ಮುಖ್ಯವೆಂದು ಹಿಡಿಯುತ್ತೇನೆ. ಹಗಲು ನಡೆಯದ, ನಿಲ್ಲದ ಮಗುವಿನ ಲೆಕ್ಕ ಬೇರೆ. ಅಂಥ ಮಗುವಿಗೆ ಹಗಲಿನಲ್ಲಿ ಸೋಲಿಯಸ್‌ಗೂ ಎಳೆತ ಸಿಗುವುದಿಲ್ಲ, ಆದ್ದರಿಂದ ರಾತ್ರಿಯ ಎಎಫ್‌ಒ ಅಲ್ಲಿ ಅರ್ಥಪೂರ್ಣ ಆಗಬಹುದು. ಮಾತು ಬಾರದ ಮಗುವಾದರೆ, ಮೂರ್ಛೆ ಬರುತ್ತಿದ್ದರೆ, ತಾನಾಗಿ ಹೊರಳಲು ಬಾರದಿದ್ದರೆ ಏನನ್ನು ಕಟ್ಟುವ ಮೊದಲೂ ವೈದ್ಯರನ್ನು ಕೇಳಿ. ಬರೀ ಮೊಣಕಾಲು ನೇರವಾದಾಗ ಬಿಗಿ ಕಾಣುವ, ಹಗಲು ಎಎಫ್‌ಒ ಹಾಕಿ ನಡೆಯುವ ಮಗುವಾದರೆ ಇನ್ನೊಂದು ಜೊತೆ ಎಎಫ್‌ಒಗೆ ಹಣ ಹಾಕುವ ಮೊದಲು ಗೇಟರ್ ಹೊಲಿಸಿ ನೋಡಿ. ಬೆಳೆಯುವ ಕಾಲಿಗೆ ಎಎಫ್‌ಒ ಹೇಗೂ ಮತ್ತೆ ಮತ್ತೆ ಮಾಡಿಸಬೇಕಾಗುತ್ತದೆ. ಕೈಯಲ್ಲಿ ಹಣವಿಲ್ಲದವರು ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆಯ ಶಿಬಿರಗಳ ಬಗ್ಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ. ಹೋಗುವಾಗ ಮಗುವಿನ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಜೊತೆಗಿರಲಿ, ಮತ್ತು ಕಾಲು ಮಡಚಿ, ನೇರ ಮಾಡಿ ಅಳೆದ ಎರಡೂ ಕೋನಗಳನ್ನು ಫಿಸಿಯೋ ಕೈಯಿಂದ ಚೀಟಿಯಲ್ಲಿ ಬರೆಸಿಕೊಂಡು ಹೋಗಿ.