ಗಜನಿ, ಕೆಂಪುಗೋಟು, ಟಿಎಸ್‌ಎಸ್: ಅರ್ಥ ಹೇಳಬೇಕಾದ ಪದಕ್ಕೆ ಯಾವ ಟ್ಯಾಗ್?

ಶಿರಸಿಯ ಅಡಿಕೆ ವ್ಯಾಪಾರ, ಕುಮಟಾ ಕಡೆಯ ಗಜನಿ ಬೇಸಾಯ, ಇಂಥ ವಿಷಯದ ವೆಬ್ ಪುಟದಲ್ಲಿ ಪ್ಯಾರಾಕ್ಕೊಂದಾದರೂ ಹೊರಗಿನವರಿಗೆ ಗೊತ್ತಿಲ್ಲದ ಪದ ಬರುತ್ತದೆ. ಅದರ ಅರ್ಥ ಹೇಳಲು ಎಚ್‌ಟಿಎಂಎಲ್‌ನಲ್ಲಿರುವ ದಾರಿಗಳನ್ನು, ಅಂದರೆ ಪುಟದ ಭಾಗ ಯಾವುದೆಂದು ಬ್ರೌಸರ್‌ಗೆ ಹೇಳುವ ಟ್ಯಾಗ್ ಎಂಬ ಗುರುತುಗಳನ್ನು, ಒಂದೇ ಬರಹದ ಮೇಲೆ ಹಾಕಿ ನೋಡಿದ್ದು ಇದು.

ಓಡುವ ಬರಹಕ್ಕೆ, ಪದದ ಅರ್ಥ ಇಲ್ಲಿ ಹೇಳಿದೆ ಎಂದು ಗುರುತಿಸುವ ಡಿಎಫ್‌ಎನ್ ಟ್ಯಾಗೇ ಸರಿ. ‘ಅಘನಾಶಿನಿ ಅಳಿವೆಯಲ್ಲಿ ಉಬ್ಬರದ ಉಪ್ಪುನೀರು ಹೊಕ್ಕು ಇಳಿಯುವ ತಗ್ಗು ಗದ್ದೆಯೇ ಗಜನಿ’ ಎಂಬಲ್ಲಿ ಕೊನೆಯ ಪದಕ್ಕೆ ಮಾತ್ರ ಡಿಎಫ್‌ಎನ್ ಸುತ್ತಿ ಐಡಿ (ಲಿಂಕ್ ಬಂದು ತಲುಪುವ ಹೆಸರು) ಕೊಡಿ. ಮುಂದೆ ಆ ಪದ ಬಂದಲ್ಲಿ ಬರೀ ಲಿಂಕ್ ಸಾಕು. ಅರ್ಥ ಅದೇ ಪ್ಯಾರಾದಲ್ಲೋ ಅದೇ ಸೆಕ್ಷನ್‌ನಲ್ಲೋ ಇರಲೇಬೇಕು. ಐಡಿಯನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡುವುದು ಒಳ್ಳೆಯದು. ಕನ್ನಡದ ಐಡಿ ನಡೆಯುತ್ತದೆ, ಆದರೆ ಕೊಂಡಿ ನಕಲು ಮಾಡಿದಾಗ ‘ಗಜನಿ’ ಎಂಬಷ್ಟೇ ಪದ ಶೇಕಡಾ ಚಿಹ್ನೆಗಳ ಸಮೇತ 36 ಅಕ್ಷರವಾಗಿ ಹಿಗ್ಗುತ್ತದೆ.

ಕನ್ನಡದಲ್ಲಿ ನಿಜವಾಗಿ ಕಾಡುವುದು ವಿಭಕ್ತಿ. ‘ಗಜನಿಯಲ್ಲಿ’ ಎಂಬುದನ್ನು ‘ಗಜನಿ’ ಆದ ಮೇಲೆ ಕತ್ತರಿಸಿ ಟ್ಯಾಗ್ ಮುಚ್ಚಬಹುದು. ‘ಕೆಂಪುಗೋಟಿಗೆ’ (ಕೆಂಪುಗೋಟು ಅಡಿಕೆಯ ಒಂದು ಬಗೆ) ಎಂಬಲ್ಲಿ ಆಗದು: ಉಕಾರ ಹೋಗಿ ಇಕಾರ ಬಂದಿದೆ, ‘ಟಿ’ಯ ನಡುವೆ ಟ್ಯಾಗ್ ತೂರಿಸಿದರೆ ಗುಣಿತ ಒಡೆದು ಚುಕ್ಕೆವೃತ್ತ ಕಾಣಬಹುದು. ಇಲ್ಲಿ ಇಡೀ ಪದವನ್ನೇ ಸುತ್ತಿ, ಟ್ಯಾಗ್‌ಗೆ ಸೇರಿಸುವ ಟಿಪ್ಪಣಿಯಾದ ಟೈಟಲ್‌ನಲ್ಲಿ ‘ಕೆಂಪುಗೋಟು’ ಎಂದು ಮೂಲರೂಪ ಕೊಡಿ. ಡಿಎಫ್‌ಎನ್‌ನ ಟೈಟಲ್ ಇರುವುದು ಪದಕ್ಕೆ, ಅರ್ಥಕ್ಕಲ್ಲ. ಅಲ್ಲಿ ವಿವರಣೆ ತುಂಬುವವರೇ ಹೆಚ್ಚು. ಬ್ರೌಸರ್ ತಾನಾಗಿ ಕೊಡುವ ಇಟಾಲಿಕ್ ಕೂಡ ತೆಗೆಯಿರಿ. ಹೆಚ್ಚಿನ ಕನ್ನಡ ಫಾಂಟ್‌ಗಳಲ್ಲಿ ಇಟಾಲಿಕ್ ಇಲ್ಲದ ಕಾರಣ ಅಕ್ಷರವನ್ನು ಸುಮ್ಮನೆ ವಾಲಿಸಿಬಿಡುತ್ತದೆ, ಒತ್ತಕ್ಷರ ಅಸಹ್ಯ. ಪುಟದ ಅಂದ ಹೇಳುವ ಸಿಎಸ್‌ಎಸ್‌ನಲ್ಲಿ ಫಾಂಟ್-ಸ್ಟೈಲ್ ನಾರ್ಮಲ್, ಫಾಂಟ್-ವೇಟ್ 600 ಇಟ್ಟರೆ ಸಾಕು.

ಎಬಿಬಿಆರ್ ಟ್ಯಾಗ್ ಹ್ರಸ್ವರೂಪಕ್ಕೆ ಮಾತ್ರ. ‘ಟಿಎಸ್‌ಎಸ್’ಗೆ ಟೈಟಲ್‌ನಲ್ಲಿ ‘ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ’ ಬರೆದರೆ ಮೌಸ್ ಇದ್ದವರಿಗೆ ಕಾಣುತ್ತದೆ. ಮೊಬೈಲ್‌ನಲ್ಲಿ ಓದುವವರಿಗೆ, ಕೀಬೋರ್ಡ್ ಮಾತ್ರ ಬಳಸುವವರಿಗೆ ಸಿಗುವುದೇ ಇಲ್ಲ. ಮೊದಲ ಸಲ ಪೂರ್ಣ ಹೆಸರನ್ನು ಬರಹದಲ್ಲೇ ಹಾಕಿ.

ಪುಟದ ಕೊನೆಯ ಪದಪಟ್ಟಿಗೆ ಡಿಎಲ್ ಟ್ಯಾಗ್; ಅದರೊಳಗೆ ಪದಕ್ಕೆ ಡಿಟಿ, ಅರ್ಥಕ್ಕೆ ಡಿಡಿ. ಒಂದೇ ಅರ್ಥಕ್ಕೆ ಎರಡು ಡಿಟಿ ಇಡಬಹುದಾದ್ದರಿಂದ ‘ಗಜನಿ’ಯನ್ನೂ ಸರ್ಕಾರಿ ಕಡತದ ‘ಖಾರ್‌ಲ್ಯಾಂಡ್’ಅನ್ನೂ ಒಟ್ಟಿಗೆ ಕೂರಿಸಿ ಕೆಳಗೆ ಒಂದು ಡಿಡಿ ಬರೆದರಾಯಿತು. ಡಿಟಿ ಎಂದ ಮಾತ್ರಕ್ಕೆ ಅದು ವ್ಯಾಖ್ಯಾನಿಸಿದ ಪದ ಎಂದಾಗದು, ಒಳಗೆ ಡಿಎಫ್‌ಎನ್ ಬೇಕು. ಮೊಬೈಲ್ ಪರದೆಯಲ್ಲಿ ಡಿಡಿಯ 40 ಪಿಕ್ಸೆಲ್ ಎಡ ಅಂಚು ಅತಿಯಾಗುತ್ತದೆ, 1 ಇಎಂಗೆ (ಅಕ್ಷರದ ಅಳತೆಯಷ್ಟಕ್ಕೆ) ಇಳಿಸಿ.

ಒತ್ತಿದರೆ ವಿವರಣೆ ಬಿಚ್ಚಿಕೊಳ್ಳುವ ಡೀಟೇಲ್ಸ್ ಟ್ಯಾಗನ್ನು ಪ್ಯಾರಾದೊಳಗೆ ಇಡಲೇಬೇಡಿ. ಅದು ಸಿಕ್ಕ ಕೂಡಲೇ ಬ್ರೌಸರ್ ಪ್ಯಾರಾ ಮುಚ್ಚುತ್ತದೆ, ವಾಕ್ಯ ಅರ್ಧಕ್ಕೆ ತುಂಡಾಗುತ್ತದೆ. ಒತ್ತಿದಾಗ ಪುಟದ ಮೇಲೆ ತೇಲಿ ಬರುವ ಚೌಕಟ್ಟಾದ ಪಾಪ್‌ಓವರ್ 2024ರ ಏಪ್ರಿಲ್‌ನಿಂದ ಎಲ್ಲ ಮುಖ್ಯ ಬ್ರೌಸರ್‌ಗಳ ಹೊಸ ಆವೃತ್ತಿಗಳಲ್ಲಿದೆ, ಬೆರಳಿಗೂ ಕೀಬೋರ್ಡಿಗೂ ಒಗ್ಗುತ್ತದೆ. ಆದರೆ ಬೇರೆ ಸಿಎಸ್‌ಎಸ್ ಬರೆಯದಿದ್ದರೆ ಪದದ ಪಕ್ಕ ಬಿಟ್ಟು ಪರದೆಯ ನಟ್ಟನಡುವೆ ಬಂದು ಕೂರುತ್ತದೆ. ತೆರೆಯದೆ ಪ್ರಿಂಟ್ ತೆಗೆದರೆ ಅರ್ಥವೇ ಮಾಯ. ಹಾಗಾಗಿ ಡಿಎಫ್‌ಎನ್ ಮತ್ತು ಲಿಂಕ್ ಹಾಕಿ, ಮೇಲೆ ಅಂಟಿಕೊಂಡ ತಲೆಪಟ್ಟಿಯ ಕೆಳಗೆ ಪದ ಅಡಗದಂತೆ ಸ್ಕ್ರೋಲ್-ಮಾರ್ಜಿನ್-ಟಾಪ್ ಅನ್ನು ತಲೆಪಟ್ಟಿಯ ಎತ್ತರಕ್ಕಿಂತ ತುಸು ಹೆಚ್ಚಿಗೆ ಇಡಿ.